ಎಲ್ಲಾ ಬರುತ್ತೆ, ಏನೂ ಮಾಡಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

"ಮೇಡಂ, ಇವನಿಗೆ ಬರಲ್ಲ ಅಂತಲ್ಲ. ಅಕ್ಕನ ಮಗಳಿಗೆ ಹತ್ತನೇ ಕ್ಲಾಸಿನ ಲೆಕ್ಕ ಹೇಳ್ಕೊಡ್ತಾನೆ. ಸ್ನಾನ ಮಾಡೋ ಅಂದ್ರೆ ಮಾತ್ರ ವಾರಗಟ್ಟಲೆ ಮಾಡಲ್ಲ. ಇದು ಕಾಯಿಲೇನಾ, ಸೋಮಾರಿತನಾನಾ?"

ತಾಯಿ ಇದನ್ನು ಮಗನ ಎದುರಲ್ಲೇ ಕೇಳಿದರು. ಮೂವತ್ತರ ಆಸುಪಾಸಿನ ಮಗ ತಲೆ ತಗ್ಗಿಸಿ ಕೂತಿದ್ದ. ಸ್ಕಿಜೋಫ್ರೀನಿಯಾ ಶುರುವಾಗಿ ಕೆಲವು ವರ್ಷಗಳಾಗಿವೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು, ನೆರೆಯವರ ಮೇಲಿನ ಸಂಶಯ ಮಾತ್ರೆಯಿಂದ ಬಹುಮಟ್ಟಿಗೆ ನಿಂತಿವೆ. ಹಾಗಾಗಿ ಮನೆಯವರ ಪಾಲಿಗೆ ಕಾಯಿಲೆ ವಾಸಿಯಾಗಿದೆ, ಉಳಿದಿರುವುದು ಮೈಗಳ್ಳತನ.

ನಾನು ಅವನ ಕೈಗೆ ಒಂದು ಮಾದರಿ ವಿದ್ಯುತ್ ಬಿಲ್ ಕೊಟ್ಟೆ. ಹಳೇ ಬಾಕಿ ಎರಡು ಸಲ ಸೇರಿರುವುದನ್ನು (ಬೇಕೆಂದೇ ಹಾಗೆ ಬರೆದಿದ್ದೆ) ತಟ್ಟನೆ ಹಿಡಿದ. ಕಚೇರಿಗೆ ಫೋನ್ ಮಾಡಿದಂತೆ ನಟಿಸಿ, ತಪ್ಪನ್ನು ಚೊಕ್ಕವಾಗಿ ವಿವರಿಸಿದ. "ನೋಡಿದ್ರಾ?" ಅಂದರು ತಾಯಿ. ಮನೆಯಲ್ಲಿ ಇವನಿಗೆ ವಹಿಸಿದ್ದ ಬಿಲ್ ಕಟ್ಟದೆ ಕರೆಂಟೇ ಹೋಗಿತ್ತಂತೆ.

ಇಂಥ ಪರೀಕ್ಷೆ ನನ್ನ ಕಲ್ಪನೆಯಲ್ಲ. ಬಿಲ್, ಫೋನ್, ಪ್ರಯಾಣದಂಥ ನಿತ್ಯದ ಕೆಲಸಗಳನ್ನು ಮಾಡಿಸಿ ನೋಡುವ ಒಂದು ವಿಧಾನವನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2001ರಲ್ಲೇ ಪ್ರಕಟಿಸಿದ್ದರು. ಅದು ಅಳೆಯುವುದು ಮಾಡಬಲ್ಲರೇ ಎಂಬುದನ್ನು. ಮನೆಯಲ್ಲಿ ಮಾಡುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ.

"ಲೆಕ್ಕದ ಪಾಠ ಹೇಗೆ ಶುರುವಾಗುತ್ತೆ?" ಎಂದು ಮಗನನ್ನು ಕೇಳಿದೆ.

"ಅವಳೇ ಪುಸ್ತಕ ತೆಗೆದು ಮುಂದೆ ಕೂರ್ತಾಳೆ."

"ಸ್ನಾನ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಏಳಬೇಕು ಅಂತ ಗೊತ್ತಿರುತ್ತೆ. ಎದ್ದು ಏನಾಗ್ಬೇಕು ಅನ್ಸುತ್ತೆ. ಅಷ್ಟರಲ್ಲಿ ಮಧ್ಯಾಹ್ನ ಆಗಿರುತ್ತೆ."

ನನ್ನ ಕೋಣೆಯಲ್ಲಿ ಬಿಲ್ ಕೈಗಿಟ್ಟವಳು ನಾನು, "ಶುರು ಮಾಡಿ" ಅಂದವಳೂ ನಾನು. ಮನೆಯಲ್ಲಿ ಆ ಮೊದಲ ತಳ್ಳು ಒಳಗಿನಿಂದಲೇ ಬರಬೇಕು. ಈ ಕಾಯಿಲೆ ಹಲವರಲ್ಲಿ ಕೆಡಿಸುವುದು ಅದನ್ನೇ, ಮತ್ತು ದನಿಗಳನ್ನು ಅಡಗಿಸುವ ಮಾತ್ರೆಗಳು ಇದನ್ನು ಅಷ್ಟಾಗಿ ಸರಿಪಡಿಸುವುದಿಲ್ಲ. ಜೊತೆಗೆ, ಹೇಗೂ ಕೆಡುತ್ತೆ ಎಂಬ ಸೋಲಿನ ನಂಬಿಕೆ ಬೇರೆ. ಸ್ಟಾರ್ಟರ್ ಕೆಟ್ಟ ಗಾಡಿಯ ಇಂಜಿನ್ ಚೆನ್ನಾಗಿದೆ ಎಂದು ಬೈದರೆ ಅದು ಹೊರಡುವುದಿಲ್ಲ. ನನಗೆ ಕೆಡುಕೆನಿಸುವುದು ಇದು: ಅವನ ಜಾಣತನವೇ ಮನೆಯಲ್ಲಿ ಅವನ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿಬಿಟ್ಟಿತ್ತು.

ಮೊದಲು ಮನೋವೈದ್ಯರ ಬಳಿಗೇ ವಾಪಸ್ ಕಳಿಸಿದೆ. ಮಾತ್ರೆಯ ಮಂಪರು, ಖಿನ್ನತೆ ಕೂಡ ಹೀಗೇ ಕಾಣಬಹುದು. ರಾತ್ರಿಯ ಮಾತ್ರೆಯನ್ನು ಇನ್ನೂ ಬೇಗ ತೆಗೆದುಕೊಳ್ಳುವಂತೆ ಅವರು ಹೊತ್ತು ಬದಲಿಸಿದರು. ಮಾತ್ರೆಯನ್ನು ನೀವಾಗಿ ಬಿಡಿಸಬೇಡಿ, ತಗ್ಗಿಸಬೇಡಿ ಎಂದು ತಾಯಿಗೆ ಒತ್ತಿ ಹೇಳಿದೆ.

ಆಮೇಲೆ ಸ್ನಾನವೊಂದನ್ನೇ ಹಿಡಿದೆವು. ಟವೆಲು, ಬಟ್ಟೆ, ಸೋಪು ಒಂದೇ ಬುಟ್ಟಿಯಲ್ಲಿ, ಹಾಸಿಗೆಯ ಪಕ್ಕ. ಹಿಂದಿನ ರಾತ್ರಿ ತುಂಬಿಡುವವನು ಅವನೇ. ಬೆಳಗಿನ ಮಾತ್ರೆಯ ಡಬ್ಬಿಯನ್ನು ಬಚ್ಚಲಿನ ಹೊರಗಿನ ಗೂಡಿಗೆ ಸಾಗಿಸಿದೆವು, ಮಾತ್ರೆಗೆಂದು ಎದ್ದವನು ಬಚ್ಚಲ ಬಾಗಿಲಲ್ಲೇ ನಿಂತಿರಲಿ ಎಂದು. ಬಾಗಿಲ ಮೇಲೆ ಅವನದೇ ಅಕ್ಷರದ ಚೀಟಿ: "ಮೊದಲು ನಲ್ಲಿ ತಿರುಗಿಸು." ಚೀಟಿ ಹಳತಾದರೆ ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಬದಲಿಸಿ ಎಂದಿದ್ದೆ.

ತಾಯಿಗೆ ಕೊಟ್ಟ ಸಲಹೆ ಕಷ್ಟದ್ದು. "ಇಷ್ಟೂ ಆಗಲ್ವಾ?" ಎಂಬ ಮಾತು ನಿಲ್ಲಬೇಕು, ಮನೆಯಲ್ಲಿ ಕಟುವಾದ ಟೀಕೆ ಹೆಚ್ಚಿದ್ದಷ್ಟೂ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ದಶಕಗಳ ಅಧ್ಯಯನಗಳು ತೋರಿಸಿವೆ. ಹಾಗಂತ ಎಲ್ಲವನ್ನೂ ತಾವೇ ಮಾಡಿಕೊಡಬಾರದು. ಒಂದೇ ಸಲ, ಒಂದೇ ವಾಕ್ಯ: "ಬುಟ್ಟಿ ತಗೋ, ನಾನು ಬಚ್ಚಲ ತನಕ ಬರ್ತೀನಿ."

ಈಗ ವಾರದ ಹೆಚ್ಚಿನ ದಿನ ಸ್ನಾನವಾಗುತ್ತಿದೆ. ಮಧ್ಯೆ ಹದಿನೈದು ದಿನ ಎಲ್ಲ ನಿಂತೂ ಇತ್ತು. ಬಿಲ್ಲಿನ ವಿಷಯಕ್ಕೆ ಇನ್ನೂ ಕೈಹಾಕಿಲ್ಲ. ಕೆಲಸಕ್ಕೆ ಯಾವಾಗ ಹೋಗ್ತಾನೆ ಎಂದು ತಾಯಿ ಪ್ರತಿ ಸಲ ಕೇಳುತ್ತಾರೆ. ಅವನೇ ಒಂದು ದಾರಿ ಸೂಚಿಸಿದ: ಅಕ್ಕನ ಮಗಳ ಜೊತೆ ಅವಳ ಗೆಳತಿಯೂ ಪಾಠಕ್ಕೆ ಬರಲಿ, ದಿನಾ ಸಂಜೆ ಅದೇ ಹೊತ್ತಿಗೆ. ನಾನು ಒಪ್ಪಿದೆ. ಮಕ್ಕಳು ಪುಸ್ತಕ ತೆರೆದು ಕೂರುವುದರಿಂದ, ಶುರು ಮಾಡುವ ಭಾರ ಅವನ ಮೇಲಿಲ್ಲ.