ನನ್ನ ಸ್ವಿಫ್ಟ್ ಕಾರಿಗೆ ಆಂಪ್ಲಿಫೈಯರ್ ನಾನೇ ಕೂರಿಸಬಹುದಾ? ಹತ್ತು ಸಾವಿರದೊಳಗೆ ಜಾಸ್ತಿ ವ್ಯಾಟ್ ಇರೋದು ಯಾವುದು?

ಕೂರಿಸಬಹುದು. ಇದೇ ಪ್ರಶ್ನೆ ಹಿಡ್ಕೊಂಡು ನಾನೂ ಬೆಂಗಳೂರಿನ ಜೆ.ಸಿ. ರೋಡ್ ಸುತ್ತಿದವನು, ಅದಕ್ಕೇ ನೇರವಾಗಿ ಹೇಳ್ತೀನಿ: ಜಾಸ್ತಿ ವ್ಯಾಟ್ ಹುಡುಕಬೇಡಿ. ಡಬ್ಬದ ಮೇಲೆ 3000 ವ್ಯಾಟ್ ಅಂತ ಇದ್ರೆ, ಆಂಪ್ಲಿಫೈಯರ್ ಬದಿಯಲ್ಲಿ ಚುಚ್ಚಿರೋ ಫ್ಯೂಸ್ ನೋಡಿ. 30 ಆಂಪಿಯರ್‌ದು ಒಂದೇ ಇದ್ರೆ ಅದನ್ನ 13.8 ವೋಲ್ಟ್‌ಗೆ ಗುಣಿಸಿ, 414 ವ್ಯಾಟ್ ಬರುತ್ತೆ. ಅದು ಒಳಗೆ ಹೋಗೋ ಲೆಕ್ಕ. ಕರೆಂಟ್ ಕಡಿಮೆ ಪೋಲು ಮಾಡೋ ಕ್ಲಾಸ್ ಡಿ ಬಗೆಯ ಆಂಪ್ ಆದ್ರೆ ಅದರಲ್ಲಿ ಶೇ 80ರಷ್ಟು, ಅಂದ್ರೆ ಸುಮಾರು 330 ಹೊರಗೆ ಬರುತ್ತೆ. 3000 ಬರೋಕೆ ಸಾಧ್ಯವೇ ಇಲ್ಲ. ನಿಮ್ಮ ಸ್ವಿಫ್ಟ್‌ನ ನಾಲ್ಕು ಬಾಗಿಲಿಗೆ ಚಾನೆಲ್‌ಗೆ 60 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡೋ ಶಕ್ತಿ) ಧಾರಾಳ ಸಾಕು. ಹತ್ತು ಸಾವಿರದಲ್ಲಿ ಎರಡೂವರೆ ಸಾವಿರವನ್ನ ವೈರ್, ಫ್ಯೂಸ್, ಲಗ್‌ಗೆ (ವೈರಿನ ತುದಿಗೆ ಹಾಕೋ ಲೋಹದ ಕೊಂಡಿ) ಅಂತ ಮೊದಲೇ ತೆಗೆದಿಡಿ. ಉಳಿದಿದ್ದರಲ್ಲಿ ಆಂಪ್ ತಗೊಳ್ಳಿ.

ನಾಲ್ಕು ಚಾನೆಲ್ ಸೇರಿ 240 ವ್ಯಾಟ್‌ಗೆ ಸುಮಾರು 22 ಆಂಪಿಯರ್ ಕರೆಂಟ್ ಬೇಕು. ಅದಕ್ಕೆ 8 ಗೇಜ್ ಶುದ್ಧ ತಾಮ್ರದ ವೈರ್ ಸಾಕು: ಕೆಂಪು 5 ಮೀಟರ್, ಕಪ್ಪು 1 ಮೀಟರ್. ಅಗ್ಗದ ಕಿಟ್‌ಗಳಲ್ಲಿ ಬರೋದು ಬಹುಪಾಲು ತಾಮ್ರದ ಲೇಪನ ಇರೋ ಅಲ್ಯೂಮಿನಿಯಂ. ಒಂದು ಎಳೆಯನ್ನ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ವಾಪಸ್ ಕೊಡಿ. ಅದರ ರೆಸಿಸ್ಟೆನ್ಸ್ ತಾಮ್ರದ ಸುಮಾರು ಒಂದೂವರೆ ಪಟ್ಟು, ಜೊತೆಗೆ ಸ್ಕ್ರೂ ಬಿಗಿ ಮಾಡಿದ ಜಾಗದಲ್ಲಿ ಎಳೆಗಳು ನಲುಗಿ ಸಡಿಲ ಆಗುತ್ತವೆ.

ಈಗ ಅಸಲಿ ವಿಷಯ, ಅರ್ತಿಂಗ್, ಅಂದ್ರೆ ಆಂಪ್‌ನ ಕಪ್ಪು ವೈರನ್ನ ಕಾರಿನ ಬಾಡಿಗೆ ಜೋಡಿಸೋದು. ಮನೆಯಲ್ಲೇ ಫಿಟ್ ಮಾಡೋರು ಹಾಳು ಮಾಡ್ಕೊಳ್ಳೋದೇ ಇಲ್ಲಿ. ಕೆಂಪು ವೈರ್‌ಗೆ ಇಡೀ ದಿನ ಕೊಟ್ಟು, ಕಪ್ಪು ವೈರನ್ನ ಕೈಗೆ ಸಿಕ್ಕ ಬೋಲ್ಟ್‌ಗೆ ಸಿಕ್ಕಿಸಿ ಬಿಡ್ತಾರೆ. ಬಾಡಿಯ ಲೋಹದ ಮೇಲೆ ಪೇಂಟ್ ಇರುತ್ತೆ, ಪೇಂಟ್ ಕರೆಂಟ್ ಬಿಡಲ್ಲ. ಹೋದಷ್ಟು ಕರೆಂಟ್ ಬೋಲ್ಟ್‌ನ ಎರಡು ಮೂರು ಸುರುಳಿ ಗೆರೆಗಳ ಮೂಲಕವೇ ಹೋಗಬೇಕು. ಆಗ ಆಂಪ್‌ನ ಅರ್ತಿಂಗ್ ವೋಲ್ಟೇಜ್ ಸ್ಟೀರಿಯೋದ ಅರ್ತಿಂಗ್‌ಗಿಂತ ಸ್ವಲ್ಪ ಮೇಲೆ ನಿಲ್ಲುತ್ತೆ. ಆ ವ್ಯತ್ಯಾಸದ ಕರೆಂಟ್, ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರೋ ಆರ್‌ಸಿಎ ಕೇಬಲ್‌ನ ಹೊರಕವಚದ ಮೂಲಕ ದಾರಿ ಹುಡುಕುತ್ತೆ, ಆಲ್ಟರ್ನೇಟರ್‌ನ ಸದ್ದನ್ನೂ ಹೊತ್ತು ತರುತ್ತೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಅಂತ ಏರೋದು ಇದೇ. ಅದನ್ನ ಕೇಳಿ ಜನ ಕೇಬಲ್ ಬದಲಾಯಿಸ್ತಾರೆ, ಆಂಪ್ ಬದಲಾಯಿಸ್ತಾರೆ, ಆ ಸದ್ದು ತಡೆಯೋಕೆ ಐಸೊಲೇಟರ್ ಅಂತ ಒಂದು ಡಬ್ಬಿ ತಂದು ಹಾಕ್ತಾರೆ. ಅಗ್ಗದ ಐಸೊಲೇಟರ್ ಬಾಸ್ (ತಗ್ಗಿನ ಸದ್ದು) ಕಡಿಮೆ ಮಾಡುತ್ತೆ, ರೋಗ ಹಾಗೇ ಉಳಿಯುತ್ತೆ.

ಸರಿಯಾದ ಕ್ರಮ ಹೀಗೆ. ಆಂಪ್‌ನಿಂದ 45 ಸೆಂಟಿಮೀಟರ್ ಒಳಗೆ ಬಾಡಿಗೆ ನೇರವಾಗಿ ಕೂತ ಬೋಲ್ಟ್ ಹುಡುಕಿ. ಸೀಟ್ ಬೆಲ್ಟ್ ಬೋಲ್ಟ್, ಸೀಟ್ ಹಿಡಿದ ಬೋಲ್ಟ್ ಮುಟ್ಟಬೇಡಿ, ಅಪಘಾತದಲ್ಲಿ ಪ್ರಾಣ ಉಳಿಸೋದು ಅವೇ. ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಪೇಂಟನ್ನ ಎಮರಿ ಪೇಪರ್‌ನಲ್ಲಿ ಉಜ್ಜಿ, ಲೋಹ ಹೊಳೆಯೋವರೆಗೆ. ವೈರಿಗೆ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿದ ರಿಂಗ್ ಲಗ್, ಸ್ಟಾರ್ ವಾಷರ್, ಮೇಲೆ ನಟ್. ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಿ. ಹಾಡು ಜೋರಾಗಿ ಹಾಕಿ ಮಲ್ಟಿಮೀಟರ್‌ನ ಒಂದು ಮುಳ್ಳನ್ನ ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನ ಆಂಪ್‌ನ ಗ್ರೌಂಡ್ ಟರ್ಮಿನಲ್‌ಗೆ ಹಿಡೀರಿ. 0.1 ವೋಲ್ಟ್ ಆಸುಪಾಸು ಇದ್ರೆ ಚೆನ್ನಾಗಿದೆ. 0.5 ತೋರಿಸಿದ್ರೆ ಬಿಚ್ಚಿ ಮತ್ತೆ ಉಜ್ಜಿ.

ಉಳಿದಿದ್ದು ಬೇಗ ಮುಗಿಯುತ್ತೆ. ಕೆಲಸಕ್ಕೆ ಮೊದಲು 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ. ಹಳದಿ ಕವಚದ ವೈರ್‌ಗಳು ಏರ್‌ಬ್ಯಾಗ್‌ದು, ಅವುಗಳ ಹತ್ತಿರ ಹೋಗಬೇಡಿ. 40 ಆಂಪಿಯರ್ ಫ್ಯೂಸನ್ನ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಹಾಕಿ. ಅದು ಇರೋದು ವೈರ್ ಕಾಪಾಡೋಕೆ: ವೈರ್ ಫೈರ್‌ವಾಲ್‌ನ (ಎಂಜಿನ್‌ಗೂ ಒಳಭಾಗಕ್ಕೂ ನಡುವಿನ ಗೋಡೆ) ತಗಡಿಗೆ ತಿಕ್ಕಿ ಸಿಪ್ಪೆ ಸುಲಿದ್ರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ, ಬೆಂಕಿ ಹತ್ತುತ್ತೆ. ತಗಡು ದಾಟೋ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರೋ ಬಳೆ) ಕಡ್ಡಾಯ. ಪವರ್ ವೈರ್ ಕಾರಿನ ಒಂದು ಬದಿ, ಆರ್‌ಸಿಎ ಇನ್ನೊಂದು ಬದಿ. ಆಂಪನ್ನ ಪ್ಲೈವುಡ್ ತುಂಡಿನ ಮೇಲೆ ಕೂರಿಸಿ ಮುಂದಿನ ಸೀಟಿನ ಕೆಳಗೆ ಇಡಿ. ನೆಲಕ್ಕೆ ಡ್ರಿಲ್ ಬೇಡ, ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹೋಗಿರುತ್ತೆ.

ಆಂಪ್ ಮೇಲಿರೋ ಗೇನ್ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೋ ಸಿಗ್ನಲ್‌ಗೆ ಆಂಪನ್ನ ಹೊಂದಿಸೋದು. ಸ್ಪೀಕರ್ ವೈರ್ ಬಿಚ್ಚಿ, ಫಿಲ್ಟರ್ ಆಫ್ ಮಾಡಿ, ಸ್ಟೀರಿಯೋ ಮುಕ್ಕಾಲು ವಾಲ್ಯೂಮ್‌ಗೆ ಇಟ್ಟು 50 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ. ಆಂಪ್‌ನ ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ನೋಡುತ್ತಾ ಗೇನ್ ಏರಿಸಿ. 4 ಓಮ್‌ಗೆ 60 ವ್ಯಾಟ್ ಅಂದ್ರೆ 15.5 ವೋಲ್ಟ್. ಸ್ಪೀಕರ್ ಬರೀ 30 ವ್ಯಾಟ್‌ದಾದ್ರೆ 11 ವೋಲ್ಟ್‌ಗೇ ನಿಲ್ಲಿಸಿ. ಆಮೇಲೆ ತಗ್ಗಿನ ಸದ್ದು ತಡೆಯೋ ಹೈಪಾಸ್ ಫಿಲ್ಟರನ್ನ 80 ಹರ್ಟ್ಸ್‌ಗೆ ಇಟ್ಟು ಸ್ಪೀಕರ್ ಜೋಡಿಸಿ.

ಕಂಪನಿ ಸ್ಟೀರಿಯೋಗೆ ಆರ್‌ಸಿಎ ಇಲ್ಲದಿದ್ರೆ ಹೈ ಲೆವೆಲ್ ಇನ್‌ಪುಟ್ (ಸ್ಪೀಕರ್ ವೈರನ್ನೇ ನೇರ ಜೋಡಿಸೋ ಜಾಗ) ಇರೋ ಆಂಪೇ ತಗೊಳ್ಳಿ. ವಾರಂಟಿ ಬಾಕಿ ಇದ್ರೆ ಒಂದು ವೈರನ್ನೂ ಕತ್ತರಿಸಬೇಡಿ, ಕತ್ತರಿಸದೆ ಜೋಡಿಸೋಕೆ ನಿಮ್ಮ ಮಾಡೆಲ್‌ನ ಕಪ್ಲರ್ ಅಂಗಡಿಯಲ್ಲೇ ಸಿಗುತ್ತೆ.