ಸೂಪರ್‌ಚಾರ್ಜರ್ ಮತ್ತು ಬಿಸಿ ಗಾಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ಸೆನ್ಸರ್ ಕುರಿತಾದವು: ಎಂಜಿನ್ನಿಗೆ ಹೋಗುವ ಗಾಳಿಯ ತಾಪ ಅಳೆಯುವ ಐಎಟಿ. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗಿ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತಳ್ಳುವ ಬ್ಲೋವರ್. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ತಾಪವೆಲ್ಲ ಸೆಲ್ಸಿಯಸ್ ಡಿಗ್ರಿಯಲ್ಲಿದೆ.

ಪ್ರಶ್ನೆ: ಓಬಿಡಿ (ಕಾರಿನ ಕಂಪ್ಯೂಟರ್ ಓದುವ) ಆ್ಯಪ್‌ನಲ್ಲಿ ನನ್ನ ಕಾರಿನ ಐಎಟಿ ಒಮ್ಮೆ 36, ಒಮ್ಮೆ 70 ತೋರಿಸುತ್ತದೆ. ಎಷ್ಟಿದ್ದರೆ ಸರಿ?

ಉತ್ತರ: ಬರೀ ಅಂಕಿ ನೋಡಿ ಹೇಳಲಾಗದು. ಹೊರಗಿನ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚಿದೆ ಎಂಬುದೇ ಮುಖ್ಯ. ಅದಕ್ಕೂ ಮೊದಲು ನೀವು ಓದುತ್ತಿರುವುದು ಯಾವ ಸೆನ್ಸರ್ ಎಂದು ಖಾತ್ರಿ ಮಾಡಿಕೊಳ್ಳಿ. ಅನೇಕ ಕಾರುಗಳಲ್ಲಿ ಎರಡಿರುತ್ತವೆ: ಏರ್ ಫಿಲ್ಟರ್ ಪಕ್ಕದಲ್ಲಿ ಒಂದು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ಇನ್ನೊಂದು. ಅಗ್ಗದ ಆ್ಯಪ್‌ಗಳು ಮೊದಲಿನದನ್ನಷ್ಟೇ ತೋರಿಸಿ 'ಎಲ್ಲ ತಂಪಾಗಿದೆ' ಎಂಬ ಭ್ರಮೆ ಹುಟ್ಟಿಸುತ್ತವೆ. ನಮಗೆ ಬೇಕಾದುದು ಎರಡನೆಯದು.

ಗಾಳಿ ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಸಮುದ್ರಮಟ್ಟದಲ್ಲಿ 30 ಡಿಗ್ರಿಯ ಗಾಳಿಯನ್ನು 8 ಪಿಎಸ್‌ಐ ಬೂಸ್ಟ್‌ಗೆ (ಬೂಸ್ಟ್ ಎಂದರೆ ವಾತಾವರಣಕ್ಕಿಂತ ಹೆಚ್ಚಿನ ಒತ್ತಡ, ಪಿಎಸ್‌ಐ ಅದರ ಅಳತೆ) ಒತ್ತಿದರೆ, ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲೂ ಅದು 40 ಡಿಗ್ರಿ ಏರುತ್ತದೆ. ಶೇ 60 ದಕ್ಷತೆಯ ರೂಟ್ಸ್ (ಜೋಡಿ ರೋಟರ್‌ಗಳ) ಮಾದರಿಯ ಸೂಪರ್‌ಚಾರ್ಜರ್‌ನಲ್ಲಿ ಏರಿಕೆ 67. ಅಂದರೆ ಹೊರಬರುವ ಗಾಳಿ 97 ಡಿಗ್ರಿ. ಶೇ 75 ದಕ್ಷತೆಯ ಸೆಂಟ್ರಿಫ್ಯೂಗಲ್ (ಫ್ಯಾನ್‌ನಂಥ ಚಕ್ರದ) ಮಾದರಿ ಆದರೆ 83ರ ಸುಮಾರು. ಇದನ್ನು ಇಳಿಸುವುದೇ ಇಂಟರ್‌ಕೂಲರ್ ಕೆಲಸ. ಒತ್ತಡ ಅಷ್ಟೇ ಇದ್ದು 97 ಡಿಗ್ರಿಯ ಗಾಳಿ 50ಕ್ಕೆ ಇಳಿದರೆ ಅದರ ಸಾಂದ್ರತೆ ಶೇ 14ರಷ್ಟು ಏರುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ದೂರವಾಗಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಗಳಿಗೆಯನ್ನು ಹಿಂದಕ್ಕೆ ಎಳೆದು ಶಕ್ತಿ ತಗ್ಗಿಸುವುದು ನಿಲ್ಲುತ್ತದೆ.

ನೀರಿನ ಇಂಟರ್‌ಕೂಲರ್ ಇರುವ ಆರೋಗ್ಯವಂತ ಕಾರು ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡುವಾಗ ಹೊರತಾಪಕ್ಕಿಂತ 10ರಿಂದ 20 ಡಿಗ್ರಿ ಹೆಚ್ಚು, ಪೂರ್ತಿ ಥ್ರಾಟಲ್‌ನ (ಆಕ್ಸಿಲರೇಟರ್ ಪೂರ್ತಿ ಒತ್ತಿದ) ಒಂದು ಓಟದ ಕೊನೆಗೆ 25ರಿಂದ 35 ಹೆಚ್ಚು ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದು ನಮ್ಮ ಅಂದಾಜು, ಕಾರಿನಿಂದ ಕಾರಿಗೆ ಬದಲಾಗುತ್ತದೆ.

ಅಂಕಿಗಿಂತ ಗ್ರಾಫಿನ ಆಕಾರ ಹೆಚ್ಚು ಹೇಳುತ್ತದೆ. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಅಥವಾ ಟ್ರ್ಯಾಕ್‌ನಲ್ಲಿ, ಮೂರನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ ರೆಡ್‌ಲೈನ್ (ಎಂಜಿನ್ ವೇಗದ ಗರಿಷ್ಠ ಮಿತಿ) ತನಕ ಎಳೆದು, ಬಿಟ್ಟು, ನಂತರದ ಎರಡು ನಿಮಿಷವನ್ನೂ ಲಾಗ್ ಮಾಡಿ. ನಿಂತಾಗ ಏರಿ ಓಡಿದಾಗ ಇಳಿದರೆ ಅದು ಹೀಟ್ ಸೋಕ್. ಎಳೆಯುವಾಗ ನೆಟ್ಟಗೆ ಮೇಲಕ್ಕೆ ಹಾರಿದರೆ ಇಂಟರ್‌ಕೂಲರ್ ಸಾಲುತ್ತಿಲ್ಲ, ಇಲ್ಲವೇ ಬ್ಲೋವರ್ ಅತಿಯಾಗಿ ತಿರುಗುತ್ತಿದೆ. ಏರಿದ್ದು ಇಳಿಯಲು ನಿಮಿಷಗಟ್ಟಲೆ ಹಿಡಿದರೆ ಇಂಟರ್‌ಕೂಲರ್ ನೀರಿನ ಹರಿವಿನಲ್ಲಿ ಅಥವಾ ಆ ನೀರನ್ನು ಕಾರಿನ ಮುಂಭಾಗದಲ್ಲಿ ತಣಿಸುವ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ದೋಷ. ಮೂರೂ ಬೇರೆ ಬೇರೆ ಕಾಯಿಲೆ. ಇದು ತಿಳಿಯದೆ ಸಾಮಾನು ಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಪ್ರಶ್ನೆ: ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತು ಹೊರಟರೆ ಕಾರು ಎಳೆಯುವುದೇ ಇಲ್ಲ. ಎರಡು ಕಿಲೋಮೀಟರ್ ಹೋದ ಮೇಲೆ ಸರಿಹೋಗುತ್ತದೆ.

ಉತ್ತರ: ಹೀಟ್ ಸೋಕ್. ಬ್ಲೋವರ್, ಮ್ಯಾನಿಫೋಲ್ಡ್ ಎರಡೂ ಅಲ್ಯೂಮಿನಿಯಂ, ಕೂತಿರುವುದು ಬಿಸಿ ಎಂಜಿನ್ನಿನ ಮೇಲೆ. ಐಡಲ್‌ನಲ್ಲಿ ಗಾಳಿಯ ಹರಿವು ತೀರಾ ಕಡಿಮೆ, ಹಾಗಾಗಿ ಒಳಗಿನ ಗಾಳಿ ಲೋಹದ ತಾಪವನ್ನೇ ಪಡೆಯುತ್ತದೆ. ಸೆನ್ಸರ್ ಲೋಹಕ್ಕೆ ಅಂಟಿಕೊಂಡಿದ್ದರೆ ಅದು ಗಾಳಿಗಿಂತ ಹೆಚ್ಚಾಗಿ ಲೋಹವನ್ನೇ ಓದುತ್ತದೆ. ಇಸಿಯು ಆ ಓದನ್ನು ನಂಬಿ ಟೈಮಿಂಗ್ ಕಡಿಮೆ ಮಾಡುತ್ತದೆ.

ಮೊದಲು ಖರ್ಚಿಲ್ಲದ್ದನ್ನು ನೋಡಿ. ಕಾರು ನಿಂತಾಗಲೂ ಇಂಟರ್‌ಕೂಲರ್ ಪಂಪ್ ಓಡುತ್ತಿದೆಯೇ? ರೇಡಿಯೇಟರ್ ಫ್ಯಾನ್ ಹೀಟ್ ಎಕ್ಸ್‌ಚೇಂಜರ್ ಮೂಲಕವೂ ಗಾಳಿ ಎಳೆಯುತ್ತಿದೆಯೇ, ಅಥವಾ ಪಕ್ಕದ ಸಂದುಗಳಿಂದ ಎಳೆಯುತ್ತಿದೆಯೇ? ಆ ಸಂದುಗಳನ್ನು ಶಾಖ ತಡೆಯುವ ಫೋಮ್ ಪಟ್ಟಿಯಿಂದ ಮುಚ್ಚಿ. ಫಿಲ್ಟರ್ ಬಾನೆಟ್ಟಿನ ಒಳಗಿನ ಬಿಸಿಯನ್ನೇ ಉಸಿರಾಡುತ್ತಿದ್ದರೆ ಅದಕ್ಕೆ ಮುಚ್ಚಿದ ಪೆಟ್ಟಿಗೆ ಮಾಡಿ, ಹೊರಗಿನಿಂದ ನಾಳ ಕೊಡಿ. ಬ್ಲೋವರ್‌ಗೆ ಹೋಗುವ ಗಾಳಿ 10 ಡಿಗ್ರಿ ಬಿಸಿಯಾದರೆ, ಮೇಲಿನ ಲೆಕ್ಕದ ಪ್ರಕಾರ, ಹೊರಬರುವಾಗ ಆ ಹೆಚ್ಚಳ 12 ಡಿಗ್ರಿಯಾಗಿರುತ್ತದೆ. ತೆರೆದ ಕೋನ್ ಫಿಲ್ಟರ್ ಸದ್ದು ಚೆನ್ನಾಗಿ ಮಾಡುತ್ತದೆ, ಅಷ್ಟೇ.

ಆಮೇಲೆ ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವೆ ಶಾಖ ತಡೆಯುವ ಫಿನಾಲಿಕ್ ಸ್ಪೇಸರ್ ಹಾಕಬಹುದು. ಬೋಲ್ಟ್‌ಗಳ ಉದ್ದ ಮತ್ತು ಬೆಲ್ಟಿನ ನೇರ ಎರಡನ್ನೂ ಮತ್ತೆ ನೋಡಬೇಕು, ಏಕೆಂದರೆ ಬ್ಲೋವರ್ ಅಷ್ಟು ಮೇಲೇರುತ್ತದೆ. ಎಂಜಿನ್ ಆಫ್ ಆದ ಮೇಲೂ ಕೆಲವು ನಿಮಿಷ ಪಂಪ್, ಫ್ಯಾನ್ ಓಡಿಸುವ ಟೈಮರ್ ರಿಲೇ ಕೂಡ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಬೇಡ.

ಪ್ರಶ್ನೆ: ಐಎಟಿ ಒಮ್ಮೆ 75ಕ್ಕೆ ಏರಿದರೆ ಇಳಿಯುವುದೇ ಇಲ್ಲ. ದೊಡ್ಡ ಹೀಟ್ ಎಕ್ಸ್‌ಚೇಂಜರ್ ಹಾಕಿದೆ, ವ್ಯತ್ಯಾಸ ಕಾಣಲಿಲ್ಲ.

ಉತ್ತರ: ಕಾಣುವುದಿಲ್ಲ, ಏಕೆಂದರೆ ನೀರು ಅಲ್ಲಿಗೆ ತಲುಪುತ್ತಲೇ ಇರಲಿಕ್ಕಿಲ್ಲ. ಇಂಟರ್‌ಕೂಲರ್‌ನ ನೀರಿಗೆ ಎಂಜಿನ್ ಕೂಲೆಂಟ್‌ನಿಂದ ಬೇರೆಯಾದ ದಾರಿ, ತನ್ನದೇ ವಿದ್ಯುತ್ ಪಂಪ್ ಇರುತ್ತದೆ. ಆ ಪಂಪ್ ಸತ್ತರೆ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ದೀಪವೂ ಉರಿಯುವುದಿಲ್ಲ.

ಓಡಿಸಿ ಬಂದ ಕೂಡಲೇ ಮ್ಯಾನಿಫೋಲ್ಡ್‌ನಿಂದ ನೀರು ಹೊರಬರುವ ಹೋಸ್ ಮತ್ತು ಹೀಟ್ ಎಕ್ಸ್‌ಚೇಂಜರ್‌ನ ಎರಡೂ ಹೋಸ್‌ಗಳ ತಾಪ ಅಳೆಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ರಬ್ಬರಿನ ಮೇಲೆ ಹಿಡಿಯಿರಿ, ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ. ಮ್ಯಾನಿಫೋಲ್ಡ್ ಹೋಸ್ ಸುಡುತ್ತಿದ್ದು ಮುಂದಿನ ಹೋಸ್‌ಗಳು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಮೂರೂ ಒಂದೇ ಸಮ ಬಿಸಿಯಿದ್ದರೆ ನೀರು ಹರಿಯುತ್ತಿದೆ, ಮುಂದೆ ಗಾಳಿ ಹಾಯುತ್ತಿಲ್ಲ: ಕಸ ಕಟ್ಟಿದೆ, ರೆಕ್ಕೆಗಳು ಮಡಚಿವೆ, ಅಥವಾ ನಂಬರ್ ಪ್ಲೇಟ್ ಅಡ್ಡ ಬಂದಿದೆ. ನಗಬೇಡಿ, ನಂಬರ್ ಪ್ಲೇಟ್ ಅಡ್ಡ ಬರುವುದು ಅಪರೂಪವಲ್ಲ.

ಹರಿವಿಲ್ಲ ಎಂದಾದರೆ ಫ್ಯೂಸ್, ರಿಲೇ, ಪಂಪಿನ ಪ್ಲಗ್‌ನಲ್ಲಿ ವೋಲ್ಟೇಜ್ ನೋಡಿ. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಕಳಚಿದ ಪ್ಲಗ್‌ನಲ್ಲಿ 12 ವೋಲ್ಟ್ ತೋರಿಸುವ ತುಕ್ಕು ಹಿಡಿದ ತಂತಿ, ಕರೆಂಟ್ ಎಳೆದ ಕ್ಷಣ 8ಕ್ಕೆ ಕುಸಿಯಬಹುದು. ಪಂಪ್ ಸದ್ದು ಮಾಡುತ್ತಿದೆ, ಆದರೂ ಟ್ಯಾಂಕಿನಲ್ಲಿ ಅಲುಗಾಟವಿಲ್ಲ ಎಂದರೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಒಳಗೆ ನೀರು ತಳ್ಳುವ ಚಕ್ರ (ಇಂಪೆಲರ್) ಮುರಿದಿದೆ.

ಹೀಟ್ ಎಕ್ಸ್‌ಚೇಂಜರ್ ಬದಲಿಸಿದವರಲ್ಲಿ ಹೆಚ್ಚಿನವರಿಗೆ ಕಾಡುವುದು ಈ ಸಿಕ್ಕಿಕೊಂಡ ಗಾಳಿಯೇ, ಬಹುಶಃ ನಿಮಗೂ. ತೆಗೆಯುವ ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ. ಕಾರಿನ ಮೂತಿಯನ್ನು ರ‍್ಯಾಂಪ್ ಮೇಲೆ ಎತ್ತಿ, ತುಂಬುವ ಬಾಯಿ ಇಡೀ ದಾರಿಯಲ್ಲೇ ಎತ್ತರದ ಬಿಂದುವಾಗಲಿ. ಮ್ಯಾನಿಫೋಲ್ಡ್ ಮೇಲೆ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ನೀರು ಗುಳ್ಳೆಯಿಲ್ಲದೆ ಬರುವ ತನಕ ನಿಧಾನ ತುಂಬಿ, ಬಿಗಿಮಾಡಿ. ನಂತರ ಎಂಜಿನ್ ಓಡಿಸದೆ ಪಂಪ್ ಮಾತ್ರ 10–15 ನಿಮಿಷ ಓಡಿಸಿ, ನಡುನಡುವೆ ಅರ್ಧ ನಿಮಿಷ ನಿಲ್ಲಿಸಿ, ಹೋಸ್‌ಗಳನ್ನು ಹಿಂಡುತ್ತಿರಿ. ನಿಲ್ಲಿಸಿದಾಗಲೇ ಗುಳ್ಳೆಗಳು ಮೇಲೆ ಬರುವುದು. ಮೊದಲ ಓಟದ ಬಳಿಕ ಕಾರು ತಣಿದ ಮೇಲೆ ಮಟ್ಟ ಮತ್ತೆ ನೋಡಿ. ನಿರ್ವಾತದಿಂದ ತುಂಬುವ ಉಪಕರಣ ಸಿಕ್ಕರೆ ಇಷ್ಟೆಲ್ಲ ಬೇಡ. ಅದು ಹಿಡಿದ ನಿರ್ವಾತ ಐದು ನಿಮಿಷ ನಿಂತರೆ ಸೋರಿಕೆ ಇಲ್ಲ ಎಂಬುದೂ ಖಾತ್ರಿ.

ಇಲ್ಲೊಂದು ಎಚ್ಚರಿಕೆ. ಹೊರಗೆ ಎಲ್ಲೂ ತೇವ ಕಾಣದೆ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ನೀರು ಮ್ಯಾನಿಫೋಲ್ಡ್ ಒಳಗೇ ಸೋರುತ್ತಿರಬಹುದು. ರಾತ್ರಿಯೆಲ್ಲ ತೊಟ್ಟಿಕ್ಕಿ ಸಿಲಿಂಡರ್‌ನಲ್ಲಿ ನಿಂತರೆ ಬೆಳಗಿನ ಮೊದಲ ಸ್ಟಾರ್ಟ್‌ಗೆ ಕನೆಕ್ಟಿಂಗ್ ರಾಡ್ ಬಾಗಬಹುದು. ಇಂಥ ಅನುಮಾನ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ಇಂಟರ್‌ಕೂಲರ್‌ಗೆ ಪ್ರೆಷರ್ ಟೆಸ್ಟ್ ಮಾಡಿಸಿ.

ಪ್ರಶ್ನೆ: ನೀರು ಬೇಗ ಹರಿದರೆ ತಣಿಯಲು ಸಮಯ ಸಿಗುವುದಿಲ್ಲ, ಸಣ್ಣ ಪಂಪೇ ಮೇಲು ಎನ್ನುತ್ತಾರಲ್ಲ?

ಉತ್ತರ: ತಪ್ಪು. ಅದೇ ನೀರು ಸುತ್ತುತ್ತಾ ಇರುತ್ತದೆ. ಒಂದು ಸುತ್ತಿನಲ್ಲಿ ಕಡಿಮೆ ತಣಿದರೂ ನಿಮಿಷಕ್ಕೆ ಹೆಚ್ಚು ಸುತ್ತು ಬರುತ್ತದೆ. 300 ಅಶ್ವಶಕ್ತಿಯ ಎಂಜಿನ್ನಿನ ಗಾಳಿಯನ್ನು 50 ಡಿಗ್ರಿ ಇಳಿಸಲು ಸುಮಾರು 11 ಕಿಲೋವಾಟ್ ಶಾಖ ತೆಗೆಯಬೇಕು. ನಿಮಿಷಕ್ಕೆ 20 ಲೀಟರ್ ಹರಿದರೆ ನೀರು ಒಳಹೋಗಿ ಹೊರಬರುವಷ್ಟರಲ್ಲಿ 8 ಡಿಗ್ರಿ ಏರುತ್ತದೆ, 10 ಲೀಟರ್ ಹರಿದರೆ 16. ಎರಡನೆಯದರಲ್ಲಿ ಇಂಟರ್‌ಕೂಲರ್‌ನ ಹಿಂದಿನ ಸಿಲಿಂಡರ್‌ಗಳಿಗೆ ಬಿಸಿ ಗಾಳಿಯೇ ಗತಿ.

ನೀರಿನ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ದಾರಿಯಲ್ಲಿ 5 ಲೀಟರ್ ಹೆಚ್ಚುವರಿ ನೀರಿದ್ದರೆ, ಮುಂದಿನ ಹೀಟ್ ಎಕ್ಸ್‌ಚೇಂಜರ್ ಏನೂ ಮಾಡದಿದ್ದರೂ 10 ಸೆಕೆಂಡಿನ ಅಷ್ಟೂ ಶಾಖವನ್ನು ಅದು ಐದಾರು ಡಿಗ್ರಿ ಏರಿ ನುಂಗಿಕೊಳ್ಳುತ್ತದೆ. ರಸ್ತೆಯಲ್ಲಿ ಓಡಿಸುವವರಿಗೆ ದೊಡ್ಡ ಟ್ಯಾಂಕ್ ಒಳ್ಳೆಯದು. ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ ಸತತ ಓಡಿಸುವವರಿಗೆ ಟ್ಯಾಂಕ್ ಬೇಗ ಸೋಲುತ್ತದೆ, ಹೀಟ್ ಎಕ್ಸ್‌ಚೇಂಜರ್‌ನ ವಿಸ್ತೀರ್ಣವೇ ಕೆಲಸಕ್ಕೆ ಬರುವುದು.

ಪ್ರಶ್ನೆ: ಇಂಟರ್‌ಕೂಲರ್‌ಗೆ ಬರೀ ನೀರು ಹಾಕಬಹುದೇ?

ಉತ್ತರ: ಶಾಖ ಹೊರುವುದರಲ್ಲಿ ನೀರೇ ಮುಂದು: ಕಿಲೋಗೆ ಡಿಗ್ರಿಗೆ 4.18 ಕಿಲೋಜೂಲ್. ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಸುಮಾರು 3.4, ಜೊತೆಗೆ ದಪ್ಪಗಾಗಿ ಪಂಪಿನ ಹರಿವೂ ತಗ್ಗುತ್ತದೆ. ಆದರೆ ಬರೀ ನೀರು ಅಲ್ಯೂಮಿನಿಯಂ ತಿನ್ನುತ್ತದೆ. ಹೆಪ್ಪುಗಟ್ಟುವ ಚಳಿ ಇಲ್ಲದ ಕಡೆ ಡಿಸ್ಟಿಲ್ಡ್ ವಾಟರ್ ಜೊತೆ ತುಕ್ಕು ತಡೆಯುವ ಅಡಿಟಿವ್ ಸಾಕು. ಚಳಿ ಇದ್ದರೆ ಶೇ 30 ಗ್ಲೈಕಾಲ್ ಬೆರೆಸಿ, ಮೈನಸ್ 15ರ ತನಕ ತಡೆಯುತ್ತದೆ. ಅದಕ್ಕೂ ಕೆಳಗೆ ಹೋಗುವ ಕಡೆ ಅರ್ಧಕ್ಕರ್ಧವೇ ಬೇಕು. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ. ಲೋಳೆಯಾಗಿ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಸಣ್ಣ ಪುಲ್ಲಿ ಹಾಕಿ ಬೂಸ್ಟ್ 8ರಿಂದ 12ಕ್ಕೆ ಏರಿಸಿದೆ. ಮೊದಲ ಓಟ ಅದ್ಭುತ, ಮೂರನೆಯ ಓಟಕ್ಕೆ ಹಳೆಯ ಕಾರಿಗಿಂತ ನಿಧಾನ. ಏಕೆ?

ಉತ್ತರ: 12 ಪಿಎಸ್‌ಐನಲ್ಲಿ ಆದರ್ಶ ಏರಿಕೆಯೇ 56 ಡಿಗ್ರಿ. ವೇಗ ಹೆಚ್ಚಿ ಬ್ಲೋವರ್‌ನ ದಕ್ಷತೆ ಶೇ 55ಕ್ಕೆ ಇಳಿದಿದ್ದರೆ ನಿಜವಾದ ಏರಿಕೆ 100 ದಾಟುತ್ತದೆ. 30 ಡಿಗ್ರಿಯ ದಿನ ಬ್ಲೋವರ್‌ನಿಂದ ಹೊರಬರುವುದು 130 ಡಿಗ್ರಿ ಮೀರಿದ ಗಾಳಿ. ಮೊದಲ ಓಟದಲ್ಲಿ ತಣ್ಣನೆಯ ಲೋಹ, ತಣ್ಣನೆಯ ನೀರು ಅದನ್ನು ಮುಚ್ಚಿಟ್ಟವು. ಮೂರನೆಯ ಹೊತ್ತಿಗೆ ಎರಡೂ ಕಾದಿವೆ.

ಬ್ಲೋವರ್ ವೇಗ ಲೆಕ್ಕ ಹಾಕಿ: ಎಂಜಿನ್ ವೇಗವನ್ನು ಕ್ರ್ಯಾಂಕ್ ಪುಲ್ಲಿಯ ವ್ಯಾಸದಿಂದ ಗುಣಿಸಿ, ಬ್ಲೋವರ್ ಪುಲ್ಲಿಯ ವ್ಯಾಸದಿಂದ ಭಾಗಿಸಿ. ಕ್ರ್ಯಾಂಕ್ ಪುಲ್ಲಿ 180 ಮಿ.ಮೀ. ಇದ್ದು ಬ್ಲೋವರ್ ಪುಲ್ಲಿ 70ರಿಂದ 63ಕ್ಕೆ ಇಳಿದರೆ, 6,500 ಆರ್‌ಪಿಎಂನಲ್ಲಿ ಬ್ಲೋವರ್ 16,700ರಿಂದ 18,600ಕ್ಕೆ ಹಾರುತ್ತದೆ. ತಯಾರಕರು ಕೊಟ್ಟ ಮಿತಿಯೊಂದಿಗೆ ಹೋಲಿಸಿ. ಮಿತಿ ಮೀರಿದ್ದರೆ ತಂಪಾಗಿಸುವ ಯಾವ ಉಪಾಯವೂ ಬೇಡ, ದೊಡ್ಡ ಪುಲ್ಲಿಗೆ ಮರಳಿ ಅಥವಾ ದೊಡ್ಡ ಬ್ಲೋವರ್ ಹಾಕಿ.

ಇದೇ ಸಾಲಿಗೆ ಸೇರುವ ಇನ್ನೊಬ್ಬರ ದೂರು: ಒಳ್ಳೆಯ ಇಂಟರ್‌ಕೂಲರ್ ಹಾಕಿದ ಮೇಲೆ ಬೂಸ್ಟ್ ಗೇಜ್ ಅರ್ಧ ಪಿಎಸ್‌ಐ ಕಡಿಮೆ ತೋರಿಸುತ್ತಿದೆ. ಐಎಟಿ ಇಳಿದಿದ್ದರೆ ಸಂತೋಷಪಡಿ. ರೂಟ್ಸ್, ಸ್ಕ್ರೂ ಮಾದರಿಗಳು ಸುತ್ತಿಗೆ ಇಷ್ಟು ಎಂದು ಗಾಳಿ ತಳ್ಳುತ್ತವೆ. ಅದೇ ಗಾಳಿ ತಣಿದು ಕುಗ್ಗಿದರೆ ಒತ್ತಡ ಇಳಿಯುತ್ತದೆ, ಆಮ್ಲಜನಕ ಅಷ್ಟೇ ಇರುತ್ತದೆ. ಐಎಟಿ ಇಳಿಯದೆ ಬೂಸ್ಟ್ ಮಾತ್ರ ಇಳಿದಿದ್ದರೆ ಬೆಲ್ಟ್ ಜಾರುತ್ತಿದೆಯೇ, ಕ್ಲ್ಯಾಂಪ್ ಸೋರುತ್ತಿದೆಯೇ ನೋಡಿ.

ಪ್ರಶ್ನೆ: ಹೆದ್ದಾರಿಯಲ್ಲಿ ಆರಾಮವಾಗಿ ಓಡಿಸುವಾಗಲೂ ಐಎಟಿ ಹೊರಗಿಗಿಂತ 35 ಹೆಚ್ಚು. ಪಂಪ್ ಹೊಸದು, ನೀರು ಸರಿಯಾಗಿ ಹರಿಯುತ್ತಿದೆ.

ಉತ್ತರ: ಬೈಪಾಸ್ ವಾಲ್ವ್ ನೋಡಿ. ಲಘುವಾಗಿ ಓಡಿಸುವಾಗ ಇದು ತೆರೆದಿದ್ದು, ಬ್ಲೋವರ್‌ನ ಹಿಂದೆ ಮುಂದೆ ಒತ್ತಡ ಸಮವಾಗಿರುವಂತೆ ನೋಡಿಕೊಳ್ಳಬೇಕು. ಅದನ್ನು ಎಳೆಯುವ ವ್ಯಾಕ್ಯೂಮ್ ಹೋಸ್ ಬಿರಿದಿದ್ದರೆ ಅಥವಾ ಡಯಾಫ್ರಾಮ್ ಹರಿದಿದ್ದರೆ ವಾಲ್ವ್ ಮುಚ್ಚಿಯೇ ಇರುತ್ತದೆ, ಬ್ಲೋವರ್ ಬಿಡುವಿಲ್ಲದೆ ಗಾಳಿ ಒತ್ತಿ ಕಾಯಿಸುತ್ತದೆ. ಐಡಲ್‌ನಲ್ಲಿ ಆಕ್ಚುಯೇಟರ್‌ನ (ವಾಲ್ವ್ ತಿರುಗಿಸುವ ಭಾಗದ) ಕಡ್ಡಿ ಒಳಕ್ಕೆ ಎಳೆದುಕೊಂಡಿರಬೇಕು, ಥ್ರಾಟಲ್ ಚಿಮ್ಮಿಸಿದಾಗ ಬಿಡಬೇಕು. ತದ್ವಿರುದ್ಧ ದೋಷವೂ ಉಂಟು: ಪೂರ್ತಿ ಮುಚ್ಚದ ವಾಲ್ವ್ ಒತ್ತಿದ ಬಿಸಿ ಗಾಳಿಯನ್ನು ಮತ್ತೆ ಬ್ಲೋವರ್ ಬಾಯಿಗೇ ಕಳಿಸುತ್ತದೆ. ಆಗ ಬೂಸ್ಟ್ ಕಡಿಮೆ, ತಾಪ ಹೆಚ್ಚು.

ಪ್ರಶ್ನೆ: ನೀರು–ಮೆಥನಾಲ್ ಸಿಂಪಡಿಸುವ ಕಿಟ್ ಹಾಕಿಸಬೇಕೆಂದಿದ್ದೇನೆ.

ಉತ್ತರ: ಮೇಲಿನದೆಲ್ಲ ಸರಿಯಿದ್ದರೆ ಮಾತ್ರ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,257 ಕಿಲೋಜೂಲ್ ಶಾಖ ಹೀರುತ್ತದೆ, ಮೆಥನಾಲ್ ಅದರ ಅರ್ಧದಷ್ಟು. ಆದರೆ ಮೆಥನಾಲ್ ಬೇಗ ಆವಿಯಾಗುತ್ತದೆ, ನಾಕ್ ತಡೆಯುತ್ತದೆ. ಅರ್ಧಕ್ಕರ್ಧ ಮಿಶ್ರಣ ರೂಢಿ. 300 ಅಶ್ವಶಕ್ತಿಗೆ ನಿಮಿಷಕ್ಕೆ 200ರಿಂದ 250 ಮಿಲಿಲೀಟರ್ ನಾಜಲ್‌ನಿಂದ ಆರಂಭಿಸಿ, ಗರಿಷ್ಠ ಬೂಸ್ಟಿನ ಅರ್ಧಕ್ಕೆ ಸಿಂಪಡಣೆ ಶುರುವಾಗಲಿ. ನಾಜಲ್ ಇರುವ ಕಡೆ ನಿರ್ವಾತ ಬರುವಂತಿದ್ದರೆ ಸೊಲೆನಾಯ್ಡ್ (ವಿದ್ಯುತ್ ವಾಲ್ವ್) ಕಡ್ಡಾಯ. ಇಲ್ಲದಿದ್ದರೆ ಎಂಜಿನ್ ಐಡಲ್‌ನಲ್ಲೇ ಟ್ಯಾಂಕ್ ಹೀರಿಬಿಡುತ್ತದೆ. ಟೈಮಿಂಗ್ ಹೆಚ್ಚಿಸಿ ಟ್ಯೂನ್ ಮಾಡಿಸುವುದಾದರೆ, ಹರಿವು ನಿಂತ ಕೂಡಲೇ ಟೈಮಿಂಗ್ ತಗ್ಗಿಸುವ ಫ್ಲೋ ಸೆನ್ಸರ್ ಇಲ್ಲದೆ ಬೇಡವೇ ಬೇಡ. ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಹೋಗುತ್ತದೆ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕೈಗವಸು ಹಾಕಿ.

ಪ್ರಶ್ನೆ: ಎಸಿಯಿಂದ ಇಂಟರ್‌ಕೂಲರ್ ನೀರು ತಣಿಸುವುದು ಸಾಧ್ಯವೇ?

ಉತ್ತರ: ಸಾಧ್ಯ. 2018ರ ಡಾಡ್ಜ್ ಚಾಲೆಂಜರ್ ಡೀಮನ್ ಕಾರ್ಖಾನೆಯಿಂದಲೇ ಹಾಗೆ ಬಂತು. ಅದರ ಡ್ರ್ಯಾಗ್ ಮೋಡ್‌ನಲ್ಲಿ ಎಸಿಯ ತಂಪು ಕ್ಯಾಬಿನ್‌ಗೆ ಹೋಗುವ ಬದಲು ಈ ನೀರಿಗೆ ಹೋಗುತ್ತದೆ. ಚಿಕ್ಕ ಓಟಕ್ಕೆ ಇದು ಸೊಗಸು, ಏಕೆಂದರೆ ಮುಂಚಿತವಾಗಿ ತಂಪು ಕೂಡಿಡಬಹುದು. ಟ್ರ್ಯಾಕ್‌ನಲ್ಲಿ ಸತತ ಬರುವ 11 ಕಿಲೋವಾಟ್ ಶಾಖದ ಮುಂದೆ ಕಾರಿನ ಎಸಿ ಏದುಸಿರು ಬಿಡುತ್ತದೆ.

ಪ್ರಶ್ನೆ: ಐಎಟಿ ಸೆನ್ಸರ್‌ಗೆ ರೆಸಿಸ್ಟರ್ ಜೋಡಿಸಿದರೆ ಟೈಮಿಂಗ್ ಕಡಿಮೆಯಾಗುವುದಿಲ್ಲವಂತೆ. ಹಾಕಲೇ?

ಉತ್ತರ: ಥರ್ಮಾಮೀಟರ್ ಒಡೆದರೆ ಜ್ವರ ಇಳಿಯುತ್ತದೆಯೇ? ಈ ಸೆನ್ಸರ್ ತಾಪ ಏರಿದಂತೆ ರೋಧ ಇಳಿಯುವ ಥರ್ಮಿಸ್ಟರ್. ಬಾಷ್ ಮಾದರಿಯದಾದರೆ 20 ಡಿಗ್ರಿಯಲ್ಲಿ ಸುಮಾರು 2,500 ಓಮ್. ಸಾಲಿನಲ್ಲಿ ರೆಸಿಸ್ಟರ್ ಸೇರಿಸಿದರೆ ಇಸಿಯುಗೆ 70 ಡಿಗ್ರಿಯ ಗಾಳಿ ತಣ್ಣನೆಯದಾಗಿ ಕಾಣುತ್ತದೆ. ಅದು ಟೈಮಿಂಗ್ ಮುಂದಿಡುತ್ತದೆ, ಬಿಸಿ ಗಾಳಿ ನಾಕ್ ಮಾಡುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುತ್ತದೆ. ಹಾಕಬೇಡಿ. ಈಗಾಗಲೇ ಹಾಕಿದ್ದರೆ ಮುಂದಿನ ಓಟಕ್ಕೆ ಮೊದಲು ಕಿತ್ತು, ಮೂಲ ವೈರಿಂಗ್ ಜೋಡಿಸಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಐಎಟಿ ಹೊರಗಿನ ತಾಪಕ್ಕೆ ಒಂದೆರಡು ಡಿಗ್ರಿ ಆಚೀಚೆ ಇದೆಯೇ ಎಂದು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಿ.