ಫೋನ್ ಟ್ಯೂಷನ್‌ನಲ್ಲಿತ್ತು, ಮಗಳು ಇರಲಿಲ್ಲ

ಹೆತ್ತವರು ಮಕ್ಕಳ ಫೋನನ್ನು ಕದ್ದು ನೋಡುವ ಪ್ರಕರಣ ಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯಬೇಕಾಯಿತು. ಗುರುತು ಹತ್ತುವ ವಿವರಗಳನ್ನು ಬದಲಿಸಿದೆ.

ಒಂಬತ್ತನೇ ತರಗತಿಯ ಹುಡುಗಿ. ಅಪ್ಪ ಅವಳಿಗೆ ಹೇಳದೆ ಅವಳ ವಾಟ್ಸಾಪನ್ನು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡಿದ್ದರು, ಫೋನಿಗೆ ಪುಕ್ಕಟೆಯದೊಂದು ಟ್ರ್ಯಾಕಿಂಗ್ ಆ್ಯಪ್ ಹಾಕಿದ್ದರು. ಮಗಳು ಸುಳ್ಳು ಕಲಿತಿದ್ದಾಳೆ ಎಂಬುದು ದೂರು.

ಎರಡನೇ ಭೇಟಿಯಲ್ಲಿ ಅವಳೊಬ್ಬಳೇ ಕೂತಾಗ ಬಾಯಿಬಿಟ್ಟಳು: "ಅಪ್ಪಂಗೆ ಗೊತ್ತಿರೋದು ಫೋನ್ ಎಲ್ಲಿದೆ ಅಂತ ಅಷ್ಟೆ ಮೇಡಂ. ನಾನೆಲ್ಲಿದೀನಿ ಅಂತಲ್ಲ." ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಅಪ್ಪನ ಲ್ಯಾಪ್‌ಟಾಪ್ ಕಣ್ಣಿಗೆ ಬಿದ್ದಾಗಿನಿಂದ ಫೋನನ್ನು ಟ್ಯೂಷನ್‌ನಲ್ಲೇ ಬ್ಯಾಗಿನೊಳಗೆ ಬಿಟ್ಟು ಗೆಳತಿಯ ಜೊತೆ ಹೊರಗೆ ಹೋಗುತ್ತಿದ್ದಳು. ಚಾಟ್ ನಡೆಯುತ್ತಿದ್ದುದು ಶಾಲೆಯ ಪ್ರಾಜೆಕ್ಟಿನ ಗೂಗಲ್ ಡಾಕ್‌ನ ಕಾಮೆಂಟುಗಳಲ್ಲಿ, ಓದಿದ ಮೇಲೆ ಅಳಿಸಿಬಿಡುವುದು. ಮುಟ್ಟಿನ ಹೊಟ್ಟೆನೋವು, ಗಣಿತದ ಅಂಕ, ಯಾರಿಗೆ ಯಾರ ಮೇಲೆ ಮುನಿಸು, ಇಷ್ಟೇ ವಿಷಯ. ಆದರೆ ದಾರಿಯಲ್ಲಿ ನಿಜಕ್ಕೂ ಏನಾದರೂ ಆದರೆ ಮನೆಗೆ ಕರೆ ಮಾಡಲು ಫೋನೇ ಕೈಯಲ್ಲಿಲ್ಲ! ಅವಳ ಒಪ್ಪಿಗೆ ಪಡೆದು ಈ ಒಂದು ಮಾತನ್ನಷ್ಟೇ ಅಪ್ಪನ ಮುಂದಿಟ್ಟದ್ದು.

ಕದ್ದು ನೋಡುವುದು ಮೊದಲು ನಿಲ್ಲಲಿ ಎಂದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಲಿಂಕ್ಡ್ ಡಿವೈಸಸ್‌ನಿಂದ ಲಾಗ್ ಔಟ್ ಮಾಡಬೇಕು. ಟ್ರ್ಯಾಕಿಂಗ್ ಆ್ಯಪನ್ನು ಬರೀ ಅನ್‌ಇನ್‌ಸ್ಟಾಲ್ ಮಾಡಿದರೆ ಅಷ್ಟು ದಿನದ ಓಡಾಟದ ದಾಖಲೆ ಕಂಪನಿಯ ಸರ್ವರಿನಲ್ಲೇ ಉಳಿಯಬಹುದು. ಹಾಗಾಗಿ ಮೊದಲು ಅಕೌಂಟ್ ಡಿಲೀಟ್, ಆಮೇಲೆ ಆ್ಯಪ್. ಬಳಿಕ ಸೆಟ್ಟಿಂಗ್ಸ್‌ನ ಪರ್ಮಿಷನ್ ಮ್ಯಾನೇಜರ್‌ನಲ್ಲಿ ಲೊಕೇಶನ್ ತೆರೆದು, ಸದಾಕಾಲ ಅನುಮತಿ ಪಡೆದ ಆ್ಯಪ್‌ಗಳನ್ನೆಲ್ಲ 'ಬಳಸುವಾಗ ಮಾತ್ರ'ಕ್ಕೆ ಇಳಿಸುವುದು. ಅಲ್ಲಿ ಒಂದು ಕೇರಂ ಗೇಮೂ ಒಂದು ಫೋಟೋ ಎಡಿಟರೂ ಸಿಕ್ಕಿಬಿದ್ದವು. ಹುಡುಗಿಯ ಬೆನ್ನು ಹತ್ತಿದ್ದವರು ಅಪ್ಪ ಒಬ್ಬರೇ ಅಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಅದರ ಈ ನಿಯಮ ಜಾರಿಗೆ ಬಂದ ಮೇಲೆ, ಕೆಲವು ವಿನಾಯಿತಿ ಬಿಟ್ಟರೆ, ಕಂಪನಿಗಳು ಅವರ ಜಾಡು ಹಿಡಿಯುವಂತಿಲ್ಲ, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಮನೆಯೊಳಗಿನ ನಿಗಾ ಮಾತ್ರ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಮನೆಯವರೇ ಕೂತು ತೀರ್ಮಾನಿಸಬೇಕು.

"ಹೆಣ್ಣುಮಗು, ಕಾಲ ಸರಿಯಿಲ್ಲ" ಎಂದರು ಅಪ್ಪ. ನಿಗಾನೇ ಬೇಡ ಎಂದು ಯಾರೂ ಹೇಳಲಿಲ್ಲ. ಯಾರೋ ಫೋಟೋ ಕೇಳುತ್ತಿದ್ದರೆ, ಬೆದರಿಸುತ್ತಿದ್ದರೆ ಸಲಹೆಯೇ ಬೇರೆ ಇರುತ್ತಿತ್ತು: ಚಾಟ್ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಟ್ಯೂಷನ್ ಬಿಟ್ಟಾಗ ಮಗಳೇ ಗೂಗಲ್ ಮ್ಯಾಪ್ಸ್‌ನಿಂದ 1 ಗಂಟೆಯ ಮಟ್ಟಿಗೆ ಲೊಕೇಶನ್ ಹಂಚಿಕೊಳ್ಳುವುದು, ಆಫೀಸಿನಿಂದ ಹೊರಟಾಗ ಅಪ್ಪನೂ ಹಾಗೇ ಮಾಡುವುದು. ಎರಡನೆಯ ಷರತ್ತು ಮಗಳದು. ಅಪ್ಪ ಇನ್ನೂ ಗೊಣಗುತ್ತಾರೆ.